ಬಿಡುಗಡೆಯ ದಿನ ತೋರಿಸುವ ಪುಸ್ತಕ: ಸಣ್ಣ ಕಾರಾಗೃಹದ ದಾಖಲೆಗಳನ್ನು ಎಲ್ಲಿಂದ ಸರಿಪಡಿಸಬೇಕು?

ಪ್ರಶ್ನೆ: ಮಾನ್ಯರೇ, ನಾನು ಮೂರು ತಿಂಗಳ ಹಿಂದೆ ಉತ್ತರ ಕರ್ನಾಟಕದ ಒಂದು ಉಪ ಕಾರಾಗೃಹಕ್ಕೆ ಸಹಾಯಕ ಜೈಲರ್ ಆಗಿ ಬಂದಿದ್ದೇನೆ. ಇಲ್ಲಿರುವ ನೂರಕ್ಕೂ ಹೆಚ್ಚು ಬಂದಿಗಳಲ್ಲಿ ಬಹುತೇಕರು ವಿಚಾರಣಾಧೀನರು. ಗುಮಾಸ್ತರ ಹುದ್ದೆ ಖಾಲಿ ಇದೆ, ಕಂಪ್ಯೂಟರ್ ಒಂದೇ ಇದೆ, ಇಂಟರ್ನೆಟ್ ಬಂದು ಹೋಗುತ್ತಿರುತ್ತದೆ. ಯಾವ ಬಂದಿಯ ವಿಷಯ ಕೇಳಿದರೂ ಕಾಗದ ಸಿಗುತ್ತದೆ, ಆದರೆ ಅರ್ಧ ದಿನ ಹುಡುಕಬೇಕು. ಹಳೆಯದೆಲ್ಲವನ್ನೂ ಗಣಕೀಕರಿಸಬೇಕೆಂಬ ಸೂಚನೆಯೂ ಬಂದಿದೆ. ಇರುವ ಸಿಬ್ಬಂದಿಯಲ್ಲೇ ಇದನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಕೇಳಿದರೆ ಕಾಗದ ಸಿಗುತ್ತದೆ" ಎಂಬ ಮಾತಿನ ಮೇಲೆ. ಕೇಳುವವರು ಇದ್ದಾಗ ಮಾತ್ರ ಉತ್ತರ ಕೊಡುವ ದಾಖಲೆಯು, ಕೇಳುವವರೇ ಇಲ್ಲದ ಬಂದಿಯ ಪಾಲಿಗೆ ಇದ್ದೂ ಇಲ್ಲದಂತೆ. ವಕೀಲರು ಇರುವ, ವಾರಕ್ಕೊಮ್ಮೆ ಮನೆಯವರು ಬಂದು ಹೋಗುವ ಬಂದಿಯ ಕಾಗದವನ್ನು ಯಾರಾದರೂ ಹುಡುಕಿಸುತ್ತಾರೆ. ಊರು ಬಿಟ್ಟು ಬಂದ ಕೂಲಿಯವನ, ಮನೆಯವರು ಕೈಬಿಟ್ಟವನ, ತನ್ನ ಮೊಕದ್ದಮೆ ಯಾವ ನ್ಯಾಯಾಲಯದಲ್ಲಿದೆ ಎಂಬುದನ್ನೇ ತಿಳಿಯದವನ ಕಾಗದ ಮಾತ್ರ ಕಟ್ಟಿನೊಳಗೆ ಹಾಗೆಯೇ ಮಲಗಿರುತ್ತದೆ. ನಿಮ್ಮ ಕೆಲಸವನ್ನು ಆ ಎರಡನೆಯವನನ್ನು ಮುಂದಿಟ್ಟುಕೊಂಡು ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಮೊದಲು ಬೇಕಾಗುವುದು ಗಟ್ಟಿ ರಟ್ಟಿನ ಒಂದು ಪುಸ್ತಕ. ಕಂಪ್ಯೂಟರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮಲ್ಲಿರುವ ಪ್ರವೇಶ ರಿಜಿಸ್ಟರು ಬಂದಿಗಳು ಒಳಗೆ ಬಂದ ಕ್ರಮದಲ್ಲಿದೆ. ಯಾರು, ಯಾವಾಗ, ಯಾವ ವಾರಂಟಿನ ಮೇಲೆ ಬಂದರು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ನಾಳೆ ಬೆಳಿಗ್ಗೆ ಯಾರ ವಿಷಯದಲ್ಲಿ ನೀವು ಏನು ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ, ಹೇಳುವಂತೆ ಅದನ್ನು ಮಾಡಿಯೂ ಇಲ್ಲ. ಸ್ವಾರಸ್ಯವೆಂದರೆ ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಯೇ ತನ್ನ 12ನೇ ಕಲಮಿನಲ್ಲಿ ಅಧೀಕ್ಷಕರು ಇಡಬೇಕಾದ ಪುಸ್ತಕಗಳನ್ನು ಹೇಳುವಾಗ, ಪ್ರವೇಶ ರಿಜಿಸ್ಟರಿನ ಜೊತೆಯಲ್ಲೇ ಪ್ರತಿಯೊಬ್ಬ ಬಂದಿಯೂ ಯಾವ ದಿನ ಬಿಡುಗಡೆಯಾಗಬೇಕು ಎಂಬುದನ್ನು ತೋರಿಸುವ ಪುಸ್ತಕವನ್ನೂ ಹೇಳಿತ್ತು. ಅಂದಿನವರ ಮನಸ್ಸಿನಲ್ಲಿ ಇದ್ದವನು ಶಿಕ್ಷೆ ಅನುಭವಿಸುವ ಬಂದಿ; ಅವನ ಅವಧಿ ಗೊತ್ತು, ಮಾಫಿ (ಶಿಕ್ಷೆಯಲ್ಲಿ ಕೊಡುವ ವಿನಾಯಿತಿ) ಕಳೆದರೆ ದಿನಾಂಕವೂ ಗೊತ್ತು. ವಿಚಾರಣಾಧೀನನು ಎಂದು ಹೊರಗೆ ಹೋಗುತ್ತಾನೆ ಎಂಬುದು ನ್ಯಾಯಾಲಯದ ಕೈಯಲ್ಲಿ ಇರುವುದರಿಂದ ಆ ಪುಸ್ತಕದಲ್ಲಿ ಅವನಿಗೆ ಪುಟ ಸಿಗಲಿಲ್ಲ. ಇಂದಿನ ಸ್ಥಿತಿ ತಿರುಗುಮುರುಗಾಗಿದೆ. ರಾಷ್ಟ್ರೀಯ ಅಂಕಿಅಂಶದಂತೆ 2022ರ ವರ್ಷಾಂತ್ಯಕ್ಕೆ ದೇಶದ 1,330 ಕಾರಾಗೃಹಗಳಲ್ಲಿದ್ದ 5,73,220 ಬಂದಿಗಳಲ್ಲಿ 4,34,302 ಮಂದಿ, ಅಂದರೆ ನೂರಕ್ಕೆ 75.8ರಷ್ಟು ಮಂದಿ, ವಿಚಾರಣಾಧೀನರು. ನಾಲ್ವರಲ್ಲಿ ಮೂವರಿಗೆ ಅನ್ವಯಿಸದ ಪುಸ್ತಕವನ್ನು ಇಟ್ಟುಕೊಂಡು ನಾವು ದಾಖಲೆ ಸರಿಯಿದೆ ಎನ್ನುತ್ತಿದ್ದೇವೆ.

ಇದರಿಂದ ಆಗುವ ಅನಾಹುತಗಳನ್ನು ಸುಪ್ರೀಂ ಕೋರ್ಟು ನಲವತ್ತು ವರ್ಷಗಳಿಗೂ ಹಿಂದೆಯೇ ನೋಡಿದೆ. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿದ್ದ ಎಷ್ಟೋ ಮಂದಿ, ತಮ್ಮ ಮೇಲಿನ ಆರೋಪ ಸಾಬೀತಾಗಿದ್ದರೂ ಸಿಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕಳೆದಿದ್ದರು. ಅದಕ್ಕಿಂತಲೂ ನಮ್ಮ ವೃತ್ತಿಗೆ ಹತ್ತಿರವಾದದ್ದು 1983ರ ರುದುಲ್ ಸಾ ಪ್ರಕರಣ: 1968ರಲ್ಲಿ ಖುಲಾಸೆಯಾದ ಆ ಮನುಷ್ಯ ಮುಜಫ್ಫರಪುರದ ಜೈಲಿನಿಂದ ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ ಪ್ರತಿದಿನವೂ ಅವನನ್ನು ಎಣಿಸಲಾಗಿತ್ತು, ಬೆಳಗಿನ ಲೆಕ್ಕದಲ್ಲಿ ಅವನು ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದು ಅವನು ಯಾಕೆ ಇನ್ನೂ ಲೆಕ್ಕದಲ್ಲಿದ್ದಾನೆ ಎಂಬ ಪ್ರಶ್ನೆ ಮಾತ್ರ.

ಆದ್ದರಿಂದ ನಿಮ್ಮ ಹೊಸ ಪುಸ್ತಕ ದಿನಾಂಕದ ಕ್ರಮದಲ್ಲಿರಲಿ. ದಿನಕ್ಕೊಂದು ಪುಟದ ಡೈರಿಯೇ ಸಾಕು. ಮುಂದಿನ ವರ್ಷಗಳಿಗೆ ತಿಂಗಳಿಗೊಂದು ಪುಟವನ್ನು ಕೊನೆಯಲ್ಲಿ ಬಿಟ್ಟುಕೊಳ್ಳಿ. ಒಬ್ಬ ವಿಚಾರಣಾಧೀನ ಒಳಗೆ ಬಂದ ದಿನವೇ ಅವನಿಗೆ ಸಂಬಂಧಿಸಿದ ದಿನಾಂಕಗಳನ್ನು ಲೆಕ್ಕಹಾಕಿ, ಆಯಾ ದಿನದ ಪುಟದಲ್ಲಿ ಅವನ ಹೆಸರು, ಸಂಖ್ಯೆ ಮತ್ತು ಮಾಡಬೇಕಾದ ಕೆಲಸವನ್ನು ಬರೆಯಿರಿ. ಬೆಳಿಗ್ಗೆ ಕಚೇರಿಗೆ ಬಂದವರು ಅಂದಿನ ಪುಟ ತೆರೆದರೆ ಕೆಲಸ ಎದುರಿಗಿರುತ್ತದೆ, ಯಾರೂ ಬಂದು ಕೇಳಬೇಕಾಗಿಲ್ಲ.

ಯಾವ ದಿನಾಂಕಗಳು ಎಂಬುದನ್ನು ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ. ವಾಸದ ಮನೆಯಲ್ಲಿ ಕಳವು ಮಾಡಿದ ಆರೋಪದ ಮೇಲೆ, ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಒಬ್ಬನನ್ನು 2025ರ ಮಾರ್ಚ್ 3ರಂದು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರು ಎಂದುಕೊಳ್ಳಿ. ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಏಳು ವರ್ಷ. ಮೊದಲ ದಿನಾಂಕ, ವಾರಂಟಿನಲ್ಲೇ ಇರುವ ಮುಂದಿನ ಹಾಜರಾತಿಯ ದಿನ. ಮ್ಯಾಜಿಸ್ಟ್ರೇಟರು ಒಂದು ಸಲಕ್ಕೆ ಹದಿನೈದು ದಿನಕ್ಕಿಂತ ಹೆಚ್ಚು ಒಪ್ಪಿಸುವಂತಿಲ್ಲ, ಹಾಗಾಗಿ ಆ ದಿನ ದಾಟಿದ ಮೇಲೆ ವಾರಂಟಿನ ಹಿಂಬದಿಯಲ್ಲಿ ನ್ಯಾಯಾಲಯದ ಹೊಸ ಹಿಂಬರಹವಿಲ್ಲದೆ ಅವನನ್ನು ಇಟ್ಟುಕೊಳ್ಳಲು ನಿಮ್ಮ ಕೈಯಲ್ಲಿ ಅಧಿಕಾರಪತ್ರವೇ ಇರುವುದಿಲ್ಲ. ಎರಡನೆಯದು ದೋಷಾರೋಪ ಪಟ್ಟಿಯ ಗಡುವು. ಈ ಪ್ರಕರಣದಲ್ಲಿ ಅದು 60 ದಿನ. ಒಪ್ಪಿಸಿದ ದಿನವನ್ನೂ ಸೇರಿಸಿಯೇ ಎಣಿಸಬೇಕೆಂದು ಸುಪ್ರೀಂ ಕೋರ್ಟು 2023ರ ಮಾರ್ಚಿನಲ್ಲಿ ಇತ್ಯರ್ಥಪಡಿಸಿರುವುದರಿಂದ ಅರವತ್ತನೆಯ ದಿನ ಮೇ 1ಕ್ಕೆ ಬೀಳುತ್ತದೆ. ಅಷ್ಟರೊಳಗೆ ಪಟ್ಟಿ ಸಲ್ಲಿಕೆಯಾಗದಿದ್ದರೆ ಅವನಿಗೆ ಡೀಫಾಲ್ಟ್ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಆದರೆ ಕೇಳದಿದ್ದರೆ, ಪಟ್ಟಿ ಸಲ್ಲಿಕೆಯಾದೊಡನೆ ಆ ಹಕ್ಕು ಹೋಗುತ್ತದೆ. ವಕೀಲರಿಲ್ಲದ ಬಂದಿ ಅದನ್ನು ಕೇಳುವುದಾದರೂ ಹೇಗೆ? ಆದ್ದರಿಂದ ಡೈರಿಯಲ್ಲಿ ಏಪ್ರಿಲ್ 24ರ ಪುಟದಲ್ಲೇ "ಪಟ್ಟಿ ಸಲ್ಲಿಕೆಯಾಗಿದೆಯೇ ವಿಚಾರಿಸುವುದು, ಕಾನೂನು ಸೇವಾ ಪ್ರಾಧಿಕಾರಕ್ಕೆ (ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆಗೆ) ತಿಳಿಸುವುದು" ಎಂದು ಬರೆದಿರಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಆರೋಪವಿದ್ದರೆ ಗಡುವು 90 ದಿನ. ಮಾದಕ ವಸ್ತು ಕಾಯ್ದೆಯಂಥ ವಿಶೇಷ ಕಾಯ್ದೆಗಳಲ್ಲಿ ಲೆಕ್ಕ ಬೇರೆ, ಅಂಥವನ್ನು ವಕೀಲರನ್ನು ಕೇಳಿಯೇ ಬರೆಯಿರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಇಲ್ಲಿ ಕಾನೂನು ನೇರವಾಗಿ ನಿಮ್ಮ ಕಚೇರಿಯ ಹೆಸರು ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು, ಹಿಂದೆಂದೂ ಯಾವ ಅಪರಾಧಕ್ಕೂ ಶಿಕ್ಷೆಯಾಗದವನಾದರೆ ಮೂರನೇ ಒಂದರಷ್ಟನ್ನು, ಒಳಗೆ ಕಳೆದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವುದು ಕಾರಾಗೃಹದ ಅಧೀಕ್ಷಕರ ಕರ್ತವ್ಯ. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸದು. ನಮ್ಮ ಉದಾಹರಣೆಯವನು ಮೊದಲ ಬಾರಿಯವನಾದರೆ ಎರಡು ವರ್ಷ ನಾಲ್ಕು ತಿಂಗಳು 2027ರ ಜುಲೈ 2ಕ್ಕೆ ಮುಗಿಯುತ್ತದೆ. ಅಲ್ಲದಿದ್ದರೆ ಮೂರೂವರೆ ವರ್ಷ 2028ರ ಸೆಪ್ಟೆಂಬರ್ 2ಕ್ಕೆ. ಎರಡನ್ನೂ ಅವನು ಬಂದ ದಿನವೇ ಬರೆಯಿರಿ. ಹೊಸ ಸಂಹಿತೆ ಬರುವುದಕ್ಕೆ ಮೊದಲಿನ ಪ್ರಕರಣಗಳಿಗೂ ಈ ಕಲಂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ, ಆದ್ದರಿಂದ ಹಳಬರನ್ನೂ ಬಿಡುವಂತಿಲ್ಲ.

ಇಲ್ಲಿ ನಮ್ಮ ಜೈಲುಗಳ ಒಂದು ಹಳೆಯ ಅಭ್ಯಾಸ ಅಡ್ಡ ಬರುತ್ತದೆ. ಹಿಂದೊಮ್ಮೆ ಒಳಗೆ ಬಂದು ಹೋದವನು ಮತ್ತೆ ಬಂದರೆ ಸಿಬ್ಬಂದಿ ಅವನನ್ನು "ಹಳೇ ಗಿರಾಕಿ" ಎನ್ನುತ್ತಾರೆ, ಅದು ಕ್ರಮೇಣ ಕಾಗದದ ಮೇಲೂ ಇಳಿಯುತ್ತದೆ. ಆದರೆ ಕಾನೂನು ಕೇಳುವುದು ಹಿಂದೆ ಶಿಕ್ಷೆಯಾಗಿದೆಯೇ ಎಂದು. ಹಿಂದೆ ಬಂಧನವಾಗಿತ್ತೇ ಎಂದಲ್ಲ. ನಾಲ್ಕು ಸಲ ಒಳಗೆ ಬಂದು ನಾಲ್ಕರಲ್ಲೂ ಖುಲಾಸೆಯಾದವನು ಕಾನೂನಿನ ದೃಷ್ಟಿಯಲ್ಲಿ ಮೊದಲ ಬಾರಿಯವನೇ. ಹಾಗಾಗಿ ನಿಮ್ಮ ದಾಖಲೆಯಲ್ಲಿ "ಹಿಂದಿನ ಪ್ರವೇಶಗಳು" ಮತ್ತು "ಹಿಂದಿನ ಶಿಕ್ಷೆ, ನ್ಯಾಯಾಲಯ, ವರ್ಷ" ಎಂಬ ಎರಡು ಕಾಲಂಗಳು ಬೇರೆಬೇರೆಯಾಗಿಯೇ ಇರಬೇಕು. ಇದೇ ರೀತಿಯ ಇನ್ನೊಂದು ತೊಡಕೂ ಇದೆ. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿದ್ದರೆ 479ರ ಅನುಕೂಲ ಸಿಗುವುದಿಲ್ಲ ಎಂದು ಅದೇ ಕಲಮಿನ ಎರಡನೇ ಉಪಕಲಂ ಹೇಳುತ್ತದೆ. ಯಾವತ್ತೋ ಬಾಡಿ ವಾರಂಟಿನ (ಒಳಗಿರುವ ಬಂದಿಯನ್ನು ಬೇರೊಂದು ಪ್ರಕರಣಕ್ಕೆ ಕರೆಸುವ ನ್ಯಾಯಾಲಯದ ಆದೇಶದ) ಮೇಲೆ ಹಾಜರುಪಡಿಸಿದ್ದ, ಎರಡು ವರ್ಷದ ಹಿಂದೆಯೇ ಮುಗಿದುಹೋದ ಪ್ರಕರಣವು ನಿಮ್ಮ ರಿಜಿಸ್ಟರಿನಲ್ಲಿ ಮಾತ್ರ "ಬಾಕಿ" ಎಂದೇ ಉಳಿದಿದ್ದರೆ, ಆ ಒಂದು ಪದ ಅವನನ್ನು ಒಳಗೆ ಕೂರಿಸುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಬಂದಿಯ "ಇತರ ಪ್ರಕರಣಗಳು" ಕಾಲಮನ್ನು, ನ್ಯಾಯಾಲಯದ ಪ್ರಕರಣಗಳ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ತಾಣದಲ್ಲಿ ಪರಿಶೀಲಿಸಿ ಮುಗಿದವನ್ನು ಮುಚ್ಚಿರಿ. ಒಂದೇ ಪ್ರಕರಣದಲ್ಲಿ ಹಲವು ಕಲಂಗಳಿದ್ದರೆ ಅನುಕೂಲ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವ ಭಾರವನ್ನು ನೀವು ಹೊರಬೇಡಿ; ದಿನಾಂಕ ಬಂದಾಗ ವಿಷಯವನ್ನು ಬರೆದು ಕಳುಹಿಸಿ, ತೀರ್ಮಾನ ನ್ಯಾಯಾಲಯದ್ದು.

ಉಳಿದ ದಿನಾಂಕಗಳನ್ನು ಬೇಗನೆ ಹೇಳಿಬಿಡುತ್ತೇನೆ. ಜಾಮೀನು ಕೊಡಲೇಬೇಕಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಮುಚ್ಚಳಿಕೆಯ ಮೇಲೆ ಬಿಡಬೇಕು, ಆದ್ದರಿಂದ ಎಂಟನೆಯ ದಿನದ ಪುಟದಲ್ಲಿ ಅವನ ಹೆಸರಿರಲಿ. ಮ್ಯಾಜಿಸ್ಟ್ರೇಟರು ವಿಚಾರಿಸುವ ಪ್ರಕರಣದಲ್ಲಿ ಸಾಕ್ಷ್ಯಕ್ಕೆ ನಿಗದಿಯಾದ ಮೊದಲ ದಿನದಿಂದ 60 ದಿನದೊಳಗೆ ವಿಚಾರಣೆ ಮುಗಿಯದಿದ್ದರೂ ಜಾಮೀನಿನ ದಾರಿಯಿದೆ, ಅದಕ್ಕೊಂದು ನಮೂದು. ಶಿಕ್ಷಾ ಬಂದಿಗಳಲ್ಲಿ ದಂಡ ವಿಧಿಸಲ್ಪಟ್ಟವರಿಗೆ, ಕಟ್ಟಿದರೆ ಒಂದು, ಕಟ್ಟದಿದ್ದರೆ ಇನ್ನೊಂದು ಎಂದು ಎರಡು ಬಿಡುಗಡೆ ದಿನಾಂಕ. ವಿಚಾರಣಾಧೀನನಾಗಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕಾಗಿರುವುದರಿಂದ ಮೊದಲ ಬಂಧನದ ದಿನ, ಒಪ್ಪಿಸಿದ ದಿನ, ಮಧ್ಯೆ ಜಾಮೀನಿನ ಮೇಲೆ ಹೊರಗಿದ್ದ ದಿನಗಳು ಪ್ರತ್ಯೇಕವಾಗಿ ದಾಖಲಾಗಿರಬೇಕು. ಒಂದನ್ನು ಇನ್ನೊಂದರೊಳಗೆ ಸೇರಿಸಿ ಒಟ್ಟು ಮೊತ್ತ ಮಾತ್ರ ಬರೆದಿಟ್ಟರೆ ಆಮೇಲೆ ಬಿಡಿಸಲು ಬರುವುದಿಲ್ಲ.

ಇನ್ನು ಹೆಸರು ಮತ್ತು ಸಂಖ್ಯೆಗಳ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಾನು ಇಲಾಖೆಯಲ್ಲಿದ್ದ ವರ್ಷಗಳಲ್ಲಿ ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯವು. ಒಮ್ಮೆ ಒಂದು ಜೈಲಿಗೆ ಬಸವರಾಜ ಎಂಬವನ ಜಾಮೀನು ಆದೇಶ ಬಂತು. ಒಳಗೆ ಇಬ್ಬರು ಬಸವರಾಜರಿದ್ದರು, ಇಬ್ಬರ ತಂದೆಯೂ ಹನುಮಂತಪ್ಪ, ಇಬ್ಬರೂ ಒಂದೇ ತಾಲ್ಲೂಕಿನವರು. ಅದೃಷ್ಟಕ್ಕೆ ತಪ್ಪಾದವನನ್ನು ಬಿಡಲಿಲ್ಲ, ಆದರೆ ಅನುಮಾನ ಪರಿಹಾರವಾಗುವವರೆಗೆ ಸರಿಯಾದವನು ಒಂಬತ್ತು ದಿನ ಹೆಚ್ಚಾಗಿ ಒಳಗಿದ್ದ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಇಂಗ್ಲಿಷ್ ಲಿಪಿಗೆ ಹೋದಾಗ ಮೂರು ನಾಲ್ಕು ಬಗೆಯಾಗುತ್ತದೆ. ಠಾಣೆಯವರು ಒಂದು ರೀತಿ, ನ್ಯಾಯಾಲಯದವರು ಇನ್ನೊಂದು ರೀತಿ, ಆಧಾರ್ ಚೀಟಿ ಮತ್ತೊಂದು ರೀತಿ ಬರೆದಿರುತ್ತದೆ. ಅದರ ಮೇಲೆ ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬ ಗೊಂದಲ, ಊರಿನಲ್ಲಿ ಕರೆಯುವ ಉರುಫ್ ಹೆಸರು, ಜಿಲ್ಲೆಗೆ ಹತ್ತರಂತೆ ಇರುವ ಹೊಸಹಳ್ಳಿ ಎಂಬ ಹೆಸರಿನ ಊರುಗಳು. ಆದ್ದರಿಂದ ಹೆಸರನ್ನು ವಾರಂಟಿನಲ್ಲಿರುವ ಕಾಗುಣಿತದಂತೆ ಮೊದಲು ನಕಲು ಮಾಡಿ, ಅವನು ತಾನೇ ಹೇಳುವ ಹೆಸರನ್ನು ಕನ್ನಡದಲ್ಲಿ ಅದರ ಕೆಳಗೆ ಬರೆಯಿರಿ, ಉರುಫ್ ಹೆಸರಿಗೆ ಪ್ರತ್ಯೇಕ ಜಾಗವಿಡಿ. ತಂದೆಯ ಹೆಸರಿನ ಜೊತೆ ತಾಯಿಯ ಹೆಸರನ್ನೂ ಕೇಳಿರಿ. "ಬಿನ್ ಹನುಮಂತಪ್ಪ" ಎಂಬವರು ಹತ್ತು ಮಂದಿ ಸಿಗಬಹುದು, ತಂದೆ ತಾಯಿ ಇಬ್ಬರ ಹೆಸರೂ ಹೊಂದುವವರು ಅಪರೂಪ. ಯಾವ ಸಂದರ್ಭದಲ್ಲೂ ಒಂದು ಕಾಗದದ ಕಾಗುಣಿತವನ್ನು ಇನ್ನೊಂದಕ್ಕೆ ಹೊಂದಿಸಲೆಂದು ತಿದ್ದಬೇಡಿ.

ಪ್ರಕರಣದ ಸಂಖ್ಯೆಯೂ ಹೀಗೆಯೇ ವೇಷ ಬದಲಿಸುತ್ತದೆ. ಠಾಣೆಯಲ್ಲಿ ಅದು ಅಪರಾಧ ಸಂಖ್ಯೆ. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ಸಿ.ಸಿ. ನಂಬರ್, ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಿದ ಮೇಲೆ ಎಸ್.ಸಿ. ನಂಬರ್. ಇ-ಕೋರ್ಟ್ಸ್ ಕೊಡುವ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಬಹಳ ಉಪಯುಕ್ತವಾದರೂ ನ್ಯಾಯಾಲಯ ಬದಲಾದರೆ ಅದೂ ಬದಲಾಗಬಹುದು. ಕೊನೆಯವರೆಗೂ ಬದಲಾಗದೆ ಉಳಿಯುವುದು ಠಾಣೆಯ ಹೆಸರು, ಅಪರಾಧ ಸಂಖ್ಯೆ ಮತ್ತು ವರ್ಷ, ಈ ಮೂರು ಸೇರಿದ ಗುರುತು. ಕಡತದ ಹೊದಿಕೆಯ ಮೇಲೆ ಅದನ್ನೇ ದೊಡ್ಡದಾಗಿ ಬರೆದು, ಉಳಿದ ಸಂಖ್ಯೆಗಳನ್ನು ಬಂದಂತೆಲ್ಲ ಅದರ ಕೆಳಗೆ ಒಂದರ ಅಡಿ ಒಂದು ಸೇರಿಸುತ್ತಾ ಹೋಗಿ, ಹಳೆಯದನ್ನು ಹೊಡೆದುಹಾಕಬೇಡಿ. ಹೈಕೋರ್ಟಿನ ಆದೇಶವೊಂದು ಅಪರಾಧ ಸಂಖ್ಯೆಯನ್ನಷ್ಟೇ ಹೇಳಿ ಬಂದಾಗ, ನಿಮ್ಮ ರಿಜಿಸ್ಟರಿನಲ್ಲಿ ಎಸ್.ಸಿ. ನಂಬರ್ ಮಾತ್ರ ಇದ್ದರೆ ಆಗುವ ಪರದಾಟವನ್ನು ಅನುಭವಿಸಿದವರೇ ಬಲ್ಲರು.

ವಿಡಿಯೊ ಮೂಲಕ ಹಾಜರುಪಡಿಸುವುದು ಹೆಚ್ಚಾದ ಮೇಲೆ ಒಂದು ಹೊಸ ಸೋರಿಕೆ ಶುರುವಾಗಿದೆ. ಮೊದಲು ಬಂದಿಯ ಜೊತೆ ವಾರಂಟೂ ನ್ಯಾಯಾಲಯಕ್ಕೆ ಹೋಗಿ, ಹಿಂಬದಿಯಲ್ಲಿ ಮುಂದಿನ ದಿನಾಂಕ ಬರೆಸಿಕೊಂಡು ಸಂಜೆಗೆ ಮರಳುತ್ತಿತ್ತು. ಈಗ ಬಂದಿ ಪರದೆಯ ಮುಂದೆ ಎರಡು ನಿಮಿಷ ನಿಂತು ಬರುತ್ತಾನೆ, ವಾರಂಟು ಕಪಾಟಿನಲ್ಲೇ ಇರುತ್ತದೆ, ಮುಂದಿನ ದಿನಾಂಕ ಯಾರ ಕಿವಿಗೆ ಬಿತ್ತೋ ಅವರ ನೆನಪಿನಲ್ಲಿರುತ್ತದೆ. ವಿಡಿಯೊ ಕೋಣೆಯಲ್ಲಿ ಡೈರಿಯನ್ನೇ ಇಟ್ಟು, ದಿನಾಂಕವನ್ನು ಅಲ್ಲೇ ಬರೆದು, ಸಂಜೆ ಇ-ಕೋರ್ಟ್ಸ್ ತಾಣದಲ್ಲಿ ಸರಿನೋಡಿ, ನ್ಯಾಯಾಲಯದ ಹಿಂಬರಹವನ್ನು ಇ-ಮೇಲಿನಲ್ಲಾದರೂ ತರಿಸಿಕೊಳ್ಳಿ. ಅದೇ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಬಂದಿಯ ಕೈಗೂ ಕೊಡಿ. ತಪ್ಪಾಗಿದ್ದರೆ ಎಲ್ಲರಿಗಿಂತ ಮೊದಲು ಹೇಳುವವನು ಅವನೇ. ತನ್ನ ಹಾಜರಾತಿಯ ದಿನವನ್ನು ಅವನಷ್ಟು ನಿಖರವಾಗಿ ಎಣಿಸುವವರು ಆ ಗೋಡೆಯೊಳಗೆ ಬೇರೆ ಯಾರೂ ಇಲ್ಲ.

ಜಾಮೀನು ಸಿಕ್ಕಿಯೂ ಹೊರಗೆ ಹೋಗದವರು ನಿಮ್ಮಲ್ಲೂ ಇರುತ್ತಾರೆ. 2021ರಲ್ಲಿ ಸುಪ್ರೀಂ ಕೋರ್ಟಿನಿಂದಲೇ ಜಾಮೀನು ಪಡೆದ 13 ಮಂದಿ ಆದೇಶದ ಪ್ರತಿ ತಲುಪಲಿಲ್ಲವೆಂದು ಆಗ್ರಾದ ಜೈಲಿನಲ್ಲೇ ದಿನ ಕಳೆದದ್ದು ಸುದ್ದಿಯಾಯಿತು. ಆದೇಶಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ನೇರವಾಗಿ ಜೈಲಿಗೆ ಕಳುಹಿಸುವ ಫಾಸ್ಟರ್ ಎಂಬ ವ್ಯವಸ್ಥೆ ಆ ಕಾರಣಕ್ಕೆ 2022ರ ಮಾರ್ಚಿನಲ್ಲಿ ಬಂತು. ಆದರೆ ಕಾಗದ ತಲುಪಿದರೂ ಜಾಮೀನುದಾರರು ಸಿಗದ ಬಡವನ ಸಮಸ್ಯೆ ಅದರಿಂದ ತೀರುವುದಿಲ್ಲ. ನಮ್ಮಲ್ಲಿ ಜಾಮೀನುದಾರನೆಂದರೆ ಪಹಣಿ ಇರುವವನು ಎಂಬ ರೂಢಿಯಿದೆ. ಭೂಮಿಯಿಲ್ಲದವನ ಬಳಗದಲ್ಲಿ ಪಹಣಿ ಎಲ್ಲಿಂದ ಬರಬೇಕು? ಇದಕ್ಕೆ 2023ರ ಜನವರಿ 31ರ ಸುಪ್ರೀಂ ಕೋರ್ಟಿನ ನಿರ್ದೇಶನಗಳು ನಿಮಗೆ ಕೈಮರ. ಜಾಮೀನು ಆದೇಶದ ಪ್ರತಿಯನ್ನು ನ್ಯಾಯಾಲಯವು ಅಂದೇ ಅಥವಾ ಮರುದಿನ ಅಧೀಕ್ಷಕರ ಮೂಲಕ ಬಂದಿಗೆ ಇ-ಮೇಲಿನಲ್ಲಿ ಕಳುಹಿಸಬೇಕು. ಜಾಮೀನು ದೊರೆತ ದಿನಾಂಕವನ್ನು ಅಧೀಕ್ಷಕರು ಬಂದಿಗಳ ದಾಖಲೆಯ ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ದಾಖಲಿಸಬೇಕು. ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಪತ್ರ ಒದಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸಲು ಪರಿಶೀಲಿಸಬಹುದು. ಅಂದರೆ ಜಾಮೀನು ಆದೇಶ ಬಂದ ಗಳಿಗೆಯಲ್ಲೇ ಡೈರಿಯಲ್ಲಿ ಇನ್ನೆರಡು ನಮೂದು, ಏಳನೆಯ ದಿನಕ್ಕೊಂದು, ಮೂವತ್ತನೆಯ ದಿನಕ್ಕೊಂದು. ಬಡ ಬಂದಿಗಳ ನೆರವಿಗೆಂದು ಕೇಂದ್ರ ಸರ್ಕಾರ ತಂದ ಯೋಜನೆಯ 2023ರ ಮಾರ್ಗಸೂಚಿಯಲ್ಲಿ ಜಾಮೀನಿನ ಮೊತ್ತಕ್ಕೆ 40,000 ರೂಪಾಯಿವರೆಗೆ, ದಂಡ ಕಟ್ಟಲು 25,000 ರೂಪಾಯಿವರೆಗೆ ಅವಕಾಶವಿತ್ತು. ಅದೂ ಚಲಿಸುವುದು ಏಳನೆಯ ದಿನದ ನಿಮ್ಮ ಪತ್ರದಿಂದಲೇ.

ವರ್ಗಾವಣೆ ಮತ್ತು ಆಸ್ಪತ್ರೆಯ ಬಗ್ಗೆ ಒಂದು ಎಚ್ಚರಿಕೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬವರನ್ನು 1951ರಲ್ಲಿ ಬಂಧಿಸಿ, ಆಮೇಲೆ ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದ್ದರು. ಅವರು ಬಿಡುಗಡೆಯಾದದ್ದು 2005ರಲ್ಲಿ, ವಿಚಾರಣೆಯಿಲ್ಲದೆ 54 ವರ್ಷಗಳಾದ ಮೇಲೆ. ಬಂದಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದಾಗ ಕಳುಹಿಸಿದವರು ತಮ್ಮ ಪುಸ್ತಕದಲ್ಲಿ ಹೆಸರನ್ನು ಮುಚ್ಚುತ್ತಾರೆ, ಪಡೆದವರು ಅವನನ್ನು ರೋಗಿ ಎಂದು ತೆರೆಯುತ್ತಾರೆ, ಮೊಕದ್ದಮೆ ಇಬ್ಬರ ಪುಸ್ತಕದಲ್ಲೂ ಇರುವುದಿಲ್ಲ. ಹೊರಗೆ ಕಳುಹಿಸಿದ ಬಂದಿಯ ನಮೂದನ್ನು, ಅವನು ಬಿಡುಗಡೆಯಾದ ಅಥವಾ ಪಡೆದ ಜೈಲು ಅವನ ವಾರಂಟನ್ನೂ ದಿನಾಂಕಗಳ ಹಾಳೆಯನ್ನೂ ಸ್ವೀಕರಿಸಿದ ಬಗ್ಗೆ ಸಹಿ ಬರುವವರೆಗೆ ಮುಚ್ಚಬೇಡಿ. ಆಸ್ಪತ್ರೆಯಲ್ಲಿರುವವರ ಹೆಸರು ಪ್ರತಿ ತಿಂಗಳ ಮೊದಲ ದಿನದ ಪುಟದಲ್ಲಿ ಮರುಕಳಿಸಲಿ.

ಈಗ ಕಂಪ್ಯೂಟರ್. ಇ-ಪ್ರಿಸನ್ಸ್ ಒಳ್ಳೆಯ ಸಾಧನ, ಅದನ್ನು ತಪ್ಪಿಸಿಕೊಳ್ಳುವ ಉಪಾಯವನ್ನು ನಾನು ಹೇಳುತ್ತಿಲ್ಲ. ಆದರೆ ಹಳೆಯ ರಿಜಿಸ್ಟರುಗಳನ್ನು ಮೊದಲ ಪುಟದಿಂದ ತುಂಬಿಸಲು ಕುಳಿತರೆ ಒಂದು ವರ್ಷ ಕಳೆದರೂ ಇಂದು ಒಳಗಿರುವವರ ಪುಟಕ್ಕೆ ತಲುಪುವುದಿಲ್ಲ. ಇಂದು ಒಳಗಿರುವವರನ್ನು ಮೊದಲು, ಅವರಲ್ಲೂ ಹೆಚ್ಚು ಕಾಲದಿಂದ ಇರುವವರನ್ನು ಎಲ್ಲರಿಗಿಂತ ಮೊದಲು ದಾಖಲಿಸಿ, ಆಮೇಲೆ ದಿನವೂ ಬರುವವರನ್ನು ಅಂದಂದೇ ಸೇರಿಸಿ. ಬಿಡುಗಡೆಯಾಗಿ ಹೋದವರ ಹಳೆಯ ಪುಟಗಳು ಮಳೆಗಾಲದಲ್ಲಿ ಬಿಡುವು ಸಿಕ್ಕಾಗ ನೋಡಬಹುದಾದ ಕೆಲಸ. ಈ ಕ್ರಮವನ್ನು ನಿಮ್ಮ ಮೇಲಿನವರಿಗೆ ಬರೆದು ತಿಳಿಸಿ ಒಪ್ಪಿಗೆ ಪಡೆಯಿರಿ. ವಿದ್ಯುತ್ತು, ಇಂಟರ್ನೆಟ್ ಇಲ್ಲದ ದಿನ ಕೆಲಸ ನಿಲ್ಲದಿರಲು ಡೈರಿ ಇದ್ದೇ ಇದೆ. ಕಂಪ್ಯೂಟರಿಲ್ಲದ ದಾಖಲೆ ದಾಖಲೆಯೇ ಅಲ್ಲ ಎಂಬ ಅಳುಕು ನಿಮಗೆ ಬೇಡ: ವಿಶ್ವಸಂಸ್ಥೆ 2015ರ ಡಿಸೆಂಬರಿನಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ ಆರನೆಯದು, ವಿದ್ಯುನ್ಮಾನ ದತ್ತಾಂಶಕ್ಕೆ ಸಮಾನವಾಗಿ, ಪುಟಸಂಖ್ಯೆ ಮತ್ತು ಪ್ರತಿ ಪುಟಕ್ಕೆ ಸಹಿ ಇರುವ ಪುಸ್ತಕವನ್ನೂ ಒಪ್ಪಿಕೊಂಡಿದೆ. ಅದು ಒಪ್ಪದಿರುವುದು ಯಾರು ತಿದ್ದಿದರೆಂದು ತಿಳಿಯದ ದಾಖಲೆಯನ್ನು. ಹಾಗಾಗಿ ವೈಟ್ನರ್ ಸೀಸೆಯನ್ನು ಕಚೇರಿಯಿಂದ ಹೊರಗೆ ಹಾಕಿ. ತಪ್ಪಾದರೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ದಿನಾಂಕದೊಡನೆ ಕಿರುಸಹಿ ಮಾಡಿ.

ಸಿಬ್ಬಂದಿ ಸಾಲದ ಕಡೆ ಅಕ್ಷರ ಬಲ್ಲ ಬಂದಿಯೊಬ್ಬನನ್ನು "ರೈಟರ್" ಎಂದು ಕಚೇರಿಯಲ್ಲಿ ಕೂರಿಸುವ ಪದ್ಧತಿ ಬಹಳ ಹಳೆಯದು, ಮತ್ತು ನಿಮಗೂ ಆ ಆಸೆ ಬರುತ್ತದೆ. ಕ್ಯಾಂಟೀನಿನ ಲೆಕ್ಕಕ್ಕೆ, ಗ್ರಂಥಾಲಯದ ಪಟ್ಟಿಗೆ ಅವನ ಸಹಾಯ ಪಡೆಯಿರಿ. ವಾರಂಟು, ಆರೋಗ್ಯದ ಕಾಗದ, ಮನೆಯವರ ವಿಳಾಸ ಇವುಗಳ ಹತ್ತಿರ ಬಿಡಬೇಡಿ. ಯಾರ ಮೇಲೆ ಯಾವ ಆರೋಪವಿದೆ ಎಂಬ ಮಾಹಿತಿಗೆ ಒಳಗೆ ಬೆಲೆಯಿದೆ, ಆ ಬೆಲೆಯನ್ನು ತೆರುವವನು ಬ್ಯಾರಕ್ಕಿನ ಅತ್ಯಂತ ದುರ್ಬಲ ಮನುಷ್ಯ. ಬದಲಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಅರೆ ಕಾನೂನು ಸ್ವಯಂಸೇವಕರೊಬ್ಬರನ್ನು ವಾರಕ್ಕೆ ಎರಡು ದಿನ ಕಳುಹಿಸುವಂತೆ ಪತ್ರ ಬರೆಯಿರಿ. ನಮಗಿಂತಲೂ ಬಡ ದೇಶವಾದ ಆಫ್ರಿಕದ ಮಲಾವಿಯಲ್ಲಿ 2000ದಲ್ಲಿ ಆರಂಭವಾದ ಇಂಥದೇ ಸೇವೆಯಲ್ಲಿ, ವಕೀಲರಲ್ಲದ ತರಬೇತಾದ ಕಾರ್ಯಕರ್ತರು ಜೈಲಿನೊಳಗೆ ಕುಳಿತು ಅವಧಿ ಮೀರಿದವರ ಪಟ್ಟಿ ಮಾಡಿದರು, ಮ್ಯಾಜಿಸ್ಟ್ರೇಟರು ಆ ಪಟ್ಟಿ ಹಿಡಿದು ಜೈಲಿಗೇ ಬಂದು ಕುಳಿತು ತೀರ್ಮಾನಿಸಿದರು. ಅಲ್ಲಿ ಕೆಲಸ ಮಾಡಿದ್ದು ಪಟ್ಟಿ. ನಿಮ್ಮ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಬಂದಿಗಳ ಪರಿಶೀಲನಾ ಸಮಿತಿ ಇದೆ. ಸಭೆಗೆ ಹತ್ತು ದಿನ ಮೊದಲೇ ನಿಮ್ಮ ಪಟ್ಟಿ, ಪ್ರತಿ ಹೆಸರಿನ ಮುಂದೆ ದಿನಾಂಕ ಮತ್ತು ಕಾರಣದೊಡನೆ, ಅವರ ಮೇಜಿನ ಮೇಲಿರಲಿ. ಸಭೆಯ ದಿನ ಒಟ್ಟು ಸಂಖ್ಯೆ ಮಾತ್ರ ಒಯ್ದ ಅಧಿಕಾರಿಗೆ ಚಹಾ ಸಿಗುತ್ತದೆ, ಆದೇಶ ಸಿಗುವುದಿಲ್ಲ.

ಹೊಸ ನಮೂನೆ ಬರೆಯುವಾಗ ಒಂದು ಕಾಲಮನ್ನು ಹಳೆಯದರಿಂದ ನಕಲು ಮಾಡಬೇಡಿ. ಬಂದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಇರಕೂಡದೆಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ 2024ರ ಅಕ್ಟೋಬರ್ 3ರಂದು ಆದೇಶಿಸಿದೆ. ಆ ಜಾಗದಲ್ಲಿ ಮನೆಯವರ ಫೋನ್ ನಂಬರ್ ಬರೆಯಿರಿ. ಹಾಗೆಯೇ ವಯಸ್ಸನ್ನು, ಬಂದ ದಿನದ್ದಷ್ಟೇ ಅಲ್ಲದೆ ಅಪರಾಧ ನಡೆದ ದಿನದ್ದನ್ನೂ ಬರೆಯಿರಿ. ಆ ದಿನ ಹದಿನೆಂಟು ತುಂಬಿರಲಿಲ್ಲ ಎಂದು ಹೇಳುವವನಿದ್ದರೆ ಅದೇ ದಿನ ನ್ಯಾಯಾಲಯಕ್ಕೆ ಪತ್ರ ಹೋಗಬೇಕು.

ಬರುವ ಸೋಮವಾರ ಬೆಳಗಿನ ಎಣಿಕೆ ಮುಗಿದ ಕೂಡಲೇ, ಒಳಗಿರುವ ಪ್ರತಿಯೊಬ್ಬರನ್ನೂ ಸಾಲಾಗಿ ಕರೆದು ವಾರಂಟಿನ ಕಟ್ಟಿನೊಡನೆ ತಾಳೆ ನೋಡಿ. ಮನುಷ್ಯನಿದ್ದು ವಾರಂಟಿಲ್ಲದ, ವಾರಂಟಿದ್ದು ಮನುಷ್ಯನಿಲ್ಲದ, ಎರಡೂ ಇದ್ದು ದಿನಾಂಕ ದಾಟಿದ ಹೆಸರುಗಳನ್ನು ಮೂರು ಹಾಳೆಗಳಲ್ಲಿ ಬರೆದು, ಅಂದೇ ಸಂಜೆ ಸಂಬಂಧಿಸಿದ ನ್ಯಾಯಾಲಯಗಳಿಗೂ ಪ್ರಾಧಿಕಾರದ ಕಾರ್ಯದರ್ಶಿಗೂ ಕಳುಹಿಸಿ, ಕಳುಹಿಸಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ. ನೂರು ಚಿಲ್ಲರೆ ಬಂದಿಗಳಿಗೆ ಇದು ಒಂದೇ ದಿನದ ಕೆಲಸ. ಮಂಗಳವಾರದಿಂದ, ಅತ್ಯಂತ ಹಳಬನಿಂದ ಆರಂಭಿಸಿ ದಿನಕ್ಕೆ ಹತ್ತು ಮಂದಿಯಂತೆ ದಿನಾಂಕಗಳನ್ನು ಡೈರಿಗೆ ಇಳಿಸುತ್ತಾ ಬಂದರೆ ಎರಡು ವಾರದೊಳಗೆ ಎಲ್ಲರೂ ಅದರಲ್ಲಿರುತ್ತಾರೆ.